ಒಳಗೆ ಮದ್ದದೆ

ಎರಡು ಸಾವಿರದ ಐದನೇ ಇಸವಿ, ನವೆಂಬರಿನ ಒಂದು ಶನಿವಾರ. ಮಧ್ಯಾಹ್ನ ಮೂರು ಗಂಟೆಗೇ ಪಶ್ಚಿಮ ಮಾಂಬಲದಲ್ಲಿ ದೀಪ ಹಚ್ಚುವಷ್ಟು ಕತ್ತಲೆ ಕವಿದಿತ್ತು, ಹಚ್ಚೋಣವೆಂದರೆ ಕರೆಂಟು ಬೆಳಗ್ಗೆಯೇ ಹೋಗಿತ್ತು. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ಯಾರದೋ ಪ್ಲಾಸ್ಟಿಕ್ ಕುರ್ಚಿಯೊಂದು ತೇಲಿಕೊಂಡು ಬಂದು ನಮ್ಮ ಗೇಟಿಗೆ ಒರಗಿ ನಿಂತಿತ್ತು.

ನಾನು ಪಾವನಾ, ನನ್ನ ಗಂಡ ಪ್ರತಾಪ್, ಇಬ್ಬರೂ ಮಂಡ್ಯದ ಕಡೆಯವರು. ಇಬ್ಬರಿಗೂ ಪೆರುಂಗುಡಿಯಲ್ಲಿ ಕೆಲಸ. ಭೀಮಾಬಾಯಿಯವರ ಹಳೇ ಮನೆಯ ಮಹಡಿಯ ಮುಂಭಾಗ ನಮಗೆ ಬಾಡಿಗೆಗೆ ಸಿಕ್ಕಿ ಒಂದೂವರೆ ವರ್ಷವಾಗಿತ್ತು. ಮಹಡಿಯ ಹಿಂಭಾಗದಲ್ಲಿ ಗಂಗಾಧರ ಮಾಮಾ ಅಂತ ಒಬ್ಬರೇ ಇದ್ದರು, ಸಿಗರೇಟು ಸೇದಿ ಸೇದಿ ಕೆಮ್ಮುತ್ತಲೇ ಮೆಟ್ಟಿಲು ಹತ್ತುವವರು. ಕೆಳಗೆ ಭೀಮಾಬಾಯಿ, ಅವರ ಮಗಳು, ಅಳಿಯ, ಹದಿನೈದು ವರ್ಷದ ಮೊಮ್ಮಗಳು ಶ್ರೀಪ್ರಿಯಾ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ನೆಲೆ ನಿಂತ ಮಾಧ್ವರು. ಬೀದಿಯವರೆಲ್ಲ ಎಪ್ಪತ್ತಾರು ವರ್ಷದ ಭೀಮಾಬಾಯಿಯವರನ್ನು ತುಪಾಕಿ ಪಾಟಿ ಅನ್ನುತ್ತಿದ್ದರು, ಅಂದರೆ ತಮಿಳಿನಲ್ಲಿ ಕೋವಿ ಅಜ್ಜಿ. ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಹಿಂದಿನ ದಿನ ಪ್ರತಾಪ್ ಪಲ್ಲಾವರದ ಶುಕ್ರವಾರದ ಸಂತೆಯಿಂದ ಒಂದು ತುಕ್ಕು ಹಿಡಿದ ಹಳೇ ಕೋವಿ ಹೊತ್ತು ತಂದಿದ್ದ. ಅದನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೊಂದು ಕಬ್ಬಿಣದ ತಟ್ಟೆ ಬೆಸೆಸಿ, ತುದಿಗೆ ಬಲ್ಬು ಹಾಕಿಸಿ ಹಾಲಿನಲ್ಲಿ ದೀಪದ ಕಂಬ ಮಾಡಬೇಕೆಂದು ಅವನ ಆಸೆ. ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯವನಿಗೆ ಆ ಸಂಜೆಯೇ ತರುತ್ತೇನೆಂದು ಹೇಳಿಯೂ ಇದ್ದ. ಕೋವಿಗೆ ಬೆಡ್‌ಶೀಟು ಸುತ್ತಿಕೊಂಡು, ಪ್ಯಾಂಟು ಮಡಿಚಿಕೊಂಡು ನಾವು ಮೆಟ್ಟಿಲಿಳಿಯುತ್ತಿದ್ದಾಗ ಕೆಳಗಿನಿಂದ ಭೀಮಾಬಾಯಿ ಕೂಗಿದರು.

"ಏನೋ ಅದು, ಹೆಣಕ್ಕೆ ಸುತ್ತಿದ ಹಾಗೆ ಸುತ್ತಿದೀಯ? ತಾ ಇಲ್ಲಿ."

ಬೆಡ್‌ಶೀಟು ಬಿಚ್ಚಿ ಪ್ರತಾಪ್ ವೆಲ್ಡಿಂಗಿಗೆ ಅಂದ ಕೂಡಲೇ ಅವರ ಮುಖ ಬದಲಾಯಿತು. ಕೋವಿಯನ್ನು ಹಾಲಿನ ಮಧ್ಯೆ ಮಲಗಿಸಲು ಹೇಳಿದರು, ಬಾಯಿ ಹಿತ್ತಿಲ ಗೋಡೆಯ ಕಡೆಗಿರಬೇಕು ಅಂದರು. ಅದರ ಮುಂದೆ ಕೂತಿದ್ದ ನನ್ನನ್ನು ಕೈ ಹಿಡಿದು ಎಬ್ಬಿಸಿ ಪಕ್ಕಕ್ಕೆ ಕೂರಿಸಿದರು. "ವೆಲ್ಡಿಂಗಾ? ಒಳ್ಳೇ ಕೆಲಸ. ಮಳೆರಾಯ ನಿನ್ನ ತಡೆದ, ನಾನೂ ತಡೀತೀನಿ. ಕೂತ್ಕೋ. ಶ್ರೀಪ್ರಿಯಾ, ಕಷಾಯ ಬಗ್ಗಿಸು. ಐದು ಲೋಟ."

"ನಾಲು ಪೇರ್ ದಾನೇ ಪಾಟಿ?" ಅಂದಳು ಶ್ರೀಪ್ರಿಯಾ. ಅವಳ ಅಪ್ಪ ಅಮ್ಮ ಊರಲ್ಲಿರಲಿಲ್ಲ. ಆ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ತಮಿಳೇ.

"ನಾಲ್ಕು ಜನ ಅಂತ ನಂಗೂ ಕಾಣುತ್ತೆ. ಐದನೇದು ಜಗಲಿ ಮೇಲಿಡು."

ಅಷ್ಟರಲ್ಲೇ ಹೊರಗೆ ಜಗಲಿಯಿಂದ ಒಂದು ಕೆಮ್ಮು ಕೇಳಿಸಿತು. ಓ, ಗಂಗಾಧರ ಮಾಮಾಗೆ, ಅಂದುಕೊಂಡೆ. ಭೀಮಾಬಾಯಿ ಗೋಡೆಗೆ ಒರಗಿ, ಕಾಲು ಚಾಚಿ, ಲೋಟ ಎರಡೂ ಕೈಯಲ್ಲಿ ಹಿಡಿದು ಶುರುಮಾಡಿದರು.

ಕೇಳು ಪ್ರತಾಪ್, ನಡುವೆ ಬಾಯಿ ಹಾಕಬೇಡ, ಹಾಕಿದ್ರೆ ನಂಗೆ ಕೋಪ ಬರುತ್ತೆ. ನಮ್ಮನೆಯವರು ಪಂಢರಿನಾಥರಾಯರು ಅಂತ, ಹಾರ್ಬರಿನ ಒಂದು ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದೋರು, ಒಂದು ಸೊಳ್ಳೆ ಹೊಡೆದವರಲ್ಲ. ಏಕಾದಶಿ ಬಿಡ್ತಿರಲಿಲ್ಲ, ಈರುಳ್ಳಿ ಮುಟ್ತಿರಲಿಲ್ಲ, ಬೀದಿ ನಾಯಿ ಬೊಗಳಿದ್ರೆ ಆ ಕಡೆ ಫುಟ್‌ಪಾತಿಗೆ ಹೋಗೋರು... ಅಂಥ ಮನುಷ್ಯ ಇದೇ ಗೋಡೆ ಮೇಲೆ, ಆ ಕಡೆ ದೇವರ ಮನೆ, ಈ ಕಡೆ ಒಂಬತ್ತು ಕೋವಿ ನೇತುಹಾಕಿದ್ರು. ಒಬ್ಬೊಬ್ಬರಿಗೆ ಒಂದೊಂದು ಹುಚ್ಚಿರುತ್ತಲ್ಲ, ಕೆಲವರಿಗೆ ಸಂಗೀತ ಕಚೇರಿ, ಕೆಲವರಿಗೆ ಕ್ರಿಕೆಟ್ಟು. ಇವರಿಗೆ ಕುಂಪಣಿ ಸರಕಾರದ ಕಾಲದ ಸಿಪಾಯಿಗಳ ಕೋವಿ. ಎಲ್ಲದಕ್ಕೂ ಕಾಗದ ಪತ್ರ ಮಾಡಿಸಿಟ್ಟಿದ್ರು, ಅದರಲ್ಲೇನೂ ಕಳ್ಳತನ ಇರಲಿಲ್ಲ.

ನಂಗೂ ಪಾಠ ಮಾಡಿದ್ರು. ಇಗೋ ಇಲ್ಲಿ ನೋಡು, ಕಲ್ಲು ಕಚ್ಚಿಕೊಂಡಿರೋ ಈ ಕೊಕ್ಕೆ ಇದೆಯಲ್ಲ, ಇದಕ್ಕೆ ಕುದುರೆ ಅಂತಾರೆ. ಕುದುರೆ ಬಿದ್ದಾಗ ಕಿಡಿ ಹಾರುತ್ತೆ, ಪಕ್ಕದ ಈ ಸಣ್ಣ ತೂತಿನಿಂದ ಬೆಂಕಿ ಒಳಗೆ ಹೋಗುತ್ತೆ. ಕುದುರೆ ಪಕ್ಕದ ತಗಡಿನ ಮೇಲೆ ಹೃದಯದ ಗುರುತಿದ್ದು, ಅದರೊಳಗೆ ನಾಲ್ಕು ಇಂಗ್ಲಿಷ್ ಅಕ್ಷರ ಇದ್ರೆ ಅದು ಹಳೇದು. ಸಿಂಹ ಎದ್ದು ನಿಂತು ಕಿರೀಟ ಹಿಡಿದಿದ್ರೆ ಆಮೇಲಿಂದು. ಇದೆಲ್ಲಾ ಯಾಕೆ ಬೇಕಿತ್ತು ನಂಗೆ? ಐವತ್ತು ವರ್ಷ ಸಂಸಾರ ಮಾಡಿದೋರು ನನ್ನ ಹತ್ರ ಒಂದು ದಿನ ಹೃದಯದ ಮಾತಾಡಲಿಲ್ಲ, ಆ ಕೋವಿಯ ಹೃದಯದ ಮುಂದೆ ಮಾತ್ರ ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಕೂತಿರೋರು! ಆದ್ರೂ ಹೇಳ್ತೀನಿ, ಆ ಮುಖ ನೋಡೋಕೆ ನಂಗೆ ಇಷ್ಟ ಆಗೋದು. ಹೊಸ ಬಟ್ಟೆ ಹಾಕ್ಕೊಂಡ ಮಗುವಿನ ಮುಖದ ಹಾಗಿರೋದು.

ಸೆರಿ, ವಿಷಯಕ್ಕೆ ಬರ್ತೀನಿ. ತೊಂಬತ್ತೊಂಬತ್ತನೇ ಇಸವಿ, ದೀಪಾವಳಿಗೆ ಇನ್ನೂ ಒಂದು ತಿಂಗಳಿತ್ತು. ನೀನು ತಂದೆಯಲ್ಲ, ಅದೇ ಪಲ್ಲಾವರದ ಸಂತೆಯಿಂದ ಇವರೂ ಒಂದು ಕೋವಿ ತಂದ್ರು, ಪಂಚೆ ಸುತ್ತಿಕೊಂಡು, ಎಲೆಕ್ಟ್ರಿಕ್ ಟ್ರೇನಲ್ಲಿ. ಹತ್ತನೇದು. ಹೃದಯದ ಗುರುತಿತ್ತು. ಅದಕ್ಕೆ ಸಲಾಕೆ ಮಾತ್ರ ಇರಲಿಲ್ಲ... ಸಲಾಕೆ ಅಂದ್ರೆ ಕೊಳವೆಯೊಳಗೆ ತುರುಕೋ ಉದ್ದನೆ ಕಡ್ಡಿ, ಕೋವಿ ಜೊತೇಲೇ ಇರುತ್ತೆ. ಬೇರೆ ಯಾವ ಕೋವಿ ಬಂದ್ರೂ ಇವರು ಮೊದಲು ಸಲಾಕೆ ಇಳಿಬಿಟ್ಟು ತಳ ಮುಟ್ಟುತ್ತಾ ಅಂತ ಅಳೆಯೋರು. ಇದಕ್ಕೆ ಅಳೆಯಲಿಲ್ಲ. ಅಳೆಯದೆ ಇದ್ದದ್ದಕ್ಕೆ ಕಾರಣ ನಾನೇ, ಪಾವನಾ. ಈಗ ಹೇಳೋಕೂ ನಾಚಿಕೆ ಆಗುತ್ತೆ.

ಏನಾಯ್ತು ಅಂದ್ರೆ, ಮಾರನೇ ದಿನ ಇವರು ಯಾವುದೋ ಮದುವೆ ಊಟಕ್ಕೆ ಹೋಗಿದ್ರು. ಕೋವಿ ಬುಡದಲ್ಲಿ, ಹೆಗಲಿಗೆ ಆನಿಸ್ಕೋತಾರಲ್ಲ, ಅಲ್ಲೊಂದು ಹಿತ್ತಾಳೆ ತಗಡು. ಕರ್ರಗೆ ಕಿಲುಬು ಹಿಡಿದಿತ್ತು. ಹಿತ್ತಾಳೆ ಕಪ್ಪಾಗಿದ್ರೆ ನಮ್ಮಂಥೋರ ಕೈ ಸುಮ್ನಿರುತ್ತಾ? ಹುಣಸೆಹಣ್ಣು ತಗೊಂಡೆ, ಇಟ್ಟಿಗೆ ಪುಡಿ ತಗೊಂಡೆ, ದೇವರ ದೀಪ ತಿಕ್ಕೋ ಹಾಗೆ ಎರಡು ಗಂಟೆ ತಿಕ್ಕಿದೆ ನೋಡು... ಚಿನ್ನ! ಇವರು ಬಂದ್ರೆ ಖುಷಿ ಪಡ್ತಾರೆ ಅಂತ ಬಾಗಿಲಲ್ಲೇ ನಿಂತಿದ್ದೆ.

ಬಂದ್ರು. ನೋಡಿದ್ರು. ಹಾಗೇ ನೆಲದ ಮೇಲೆ ಕೂತುಬಿಟ್ರು, ತಲೆ ಮೇಲೆ ಕೈ ಹೊತ್ತು. "ಭೀಮಾ, ಅದರ ಮೇಲೆ ನಂಬರು ಗೀಚಿತ್ತು ಕಣೇ. ಯಾವ ಪಲಟನ್ನು, ಎಷ್ಟನೇ ಸಿಪಾಯಿ ಅಂತ. ಆಗಲೇ ಸವೆದಿತ್ತು, ಇವತ್ತು ರಾತ್ರಿ ಓದಿ ಬರ್ಕೊಳ್ಳೋಣ ಅಂತಿದ್ದೆ. ಅದು ಅವನ ವಿಳಾಸ. ನೀನು ಅವನ ವಿಳಾಸ ಒರೆಸಿ ಹಾಕಿದೆ." ಬೈದಿದ್ರೆ ಬೈಸ್ಕೋತಿದ್ದೆ, ನಾನೂ ನಾಲ್ಕು ಮಾತು ಆಡ್ತಿದ್ದೆ. ಅವರು ಬೈಯಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ, ಆ ಬೇಜಾರಲ್ಲಿ ಕೊಳವೆ ಅಳೆಯೋದೂ ಮರೆತುಹೋಯ್ತು. ನಂಗೆ ಒಂದೇ ಕೊರಗು. ಇನ್ನೂರು ವರ್ಷ ಉಳ್ಕೊಂಡಿದ್ದ ಒಬ್ಬನ ಗುರುತನ್ನ ಒಂದು ಉಂಡೆ ಹುಣಸೆಹಣ್ಣಲ್ಲಿ ಅಳಿಸಿದೆನಲ್ಲಾ ಅಂತ.

ಮೂರನೇ ದಿನ ಮಧ್ಯಾಹ್ನ ಅವನು ಬಂದ.

ಮನೇಲಿ ನಾನೊಬ್ಬಳೇ. ಜಿಟಿಜಿಟಿ ಮಳೆ. ಜಗಲಿ ಕಡೆ ಕೆಮ್ಮು ಕೇಳಿಸ್ತು, ಹೋಗಿ ನೋಡಿದೆ. ಕಂಬಕ್ಕೆ ಒರಗಿ ಒಬ್ಬ ಕುಕ್ಕುರುಗಾಲಲ್ಲಿ ಕೂತಿದಾನೆ. ಕೆಂಪು ಕೋಟು, ಒಗೆದು ಒಗೆದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ನಾನೇನಂದುಕೊಂಡೆ ಹೇಳು? ಮುಹೂರ್ತದ ದಿನ, ಮುಂದಿನ ಬೀದೀಲಿ ಕಲ್ಯಾಣ ಮಂಟಪ ಇದೆ... ಬ್ಯಾಂಡ್‌ಸೆಟ್ಟಿನವನು, ಮಳೆಗೆ ನಿಂತಿದಾನೆ ಅಂದುಕೊಂಡೆ! ತುತ್ತೂರಿ ಎಲ್ಲಿಟ್ಟೆಯಪ್ಪಾ ಅಂತ ಕೇಳೋದರಲ್ಲಿದ್ದೆ. ಅವನು ತಲೆ ಎತ್ತಿ, ಕೆಮ್ಮಿ, ಅಂದ: "ಒಳಗೆ ಮದ್ದದೆ, ತಾಯಿ."

ಕನ್ನಡ! ಅದೂ ನಿಮ್ಮ ಕಡೆ ಕನ್ನಡ, ಪ್ರತಾಪ್. ನಾವು ಇದೆ ಅಂತೀವಲ್ಲ, ನೀವು ಅದೆ ಅಂತೀರಲ್ಲ, ಹಾಗೆ. ನಮ್ಮನೇಲಿ ಮದ್ದು ಅನ್ನೋ ಮಾತೇ ಇಲ್ಲ, ಔಷಧಿ ಅಂತೀವಿ, ಇಲ್ಲದಿದ್ರೆ ಇವಳ ಹಾಗೆ ತಮಿಳಲ್ಲಿ ಮರುಂದು ಅಂತೀವಿ. ನಮ್ಮಜ್ಜಿ ಅಂತಿದ್ರು ಮದ್ದು ಅಂತ. ಸೆರಿ, ಪಾಪ ಕೆಮ್ಮು, ಒಳಗೆ ಮದ್ದು ಇದೆಯಾ ಅಂತ ಕೇಳ್ತಿದಾನೆ ಅಂದುಕೊಂಡೆ. ಇರಪ್ಪಾ ಅಂತ ಒಳಗೆ ಬಂದು, ಜೀರಿಗೆ ಮೆಣಸು ಕುಟ್ಟಿ ಕಷಾಯ ಮಾಡಿ ತಗೊಂಡು ಹೋದ್ರೆ... ಯಾರೂ ಇಲ್ಲ. ಬೀದಿ ಈ ತುದಿಯಿಂದ ಆ ತುದಿವರೆಗೂ ಖಾಲಿ. ಮಳೇಲಿ ಬಂದು ಕೂತವನು, ಕೂತ ಜಾಗ ಒಣಗಿತ್ತು. ಲೋಟ ಅಲ್ಲೇ ಇಟ್ಟು ಬಂದೆ. ಸಂಜೆ ನೋಡಿದ್ರೆ ಲೋಟ ಬರಿದು. ಇವರಿಗೆ ಹೇಳಿದೆ, ಬೆಕ್ಕು ಕುಡಿದಿರುತ್ತೆ ಅಂದ್ರು. ಮೆಣಸಿನ ಕಷಾಯ ಕುಡಿಯೋ ಬೆಕ್ಕನ್ನ ನೀವು ಯಾರಾದ್ರೂ ನೋಡಿದೀರಾ?

ಅಲ್ಲಿಂದ ದಿನಾ ಬಂದ. ಮೊದಲು ಜಗಲಿ, ಆಮೇಲೆ ಬಾಗಿಲು, ಅಪ್ಪುರಂ ಈ ಹಾಲು. ಕೆಲವು ದಿನ ಕಾಣೋನು, ಕೆಲವು ದಿನ ಬರೀ ಕೆಮ್ಮು. ಮಾತು ಮಾತ್ರ ಅದೊಂದೇ. ಒಳಗೆ ಮದ್ದದೆ, ಒಳಗೆ ಮದ್ದದೆ. ನಾನು ದಿನಾ ಕಷಾಯ ಇಟ್ಟೆ. ಒಂದಿನ ಶುಂಠಿ ಹಾಕಿದೆ, ಒಂದಿನ ಜೇನುತುಪ್ಪ ಹಾಕಿದೆ, ಒಂದಿನ ಅಂಗಡಿಯಿಂದ ಕೆಮ್ಮಿನ ಸಿರಪ್ಪೇ ತರಿಸಿದೆ. ಕುಡೀತಿದ್ದ, ಮತ್ತೆ ಬಂದು ಅದೇ ಹೇಳ್ತಿದ್ದ. ನಂಗೆ ರೇಗಿ ಹೋಯ್ತು. "ಎಷ್ಟು ಮದ್ದು ಕುಡಿಸಲಪ್ಪಾ ನಿಂಗೆ, ನಂಗೇನು ಬೇರೆ ಕೆಲಸ ಇಲ್ವಾ?" ಅಂತ ಕಿರುಚಿದೆ. ಅವನು ನನ್ನನ್ನೇ ನೋಡ್ತಾ ನಿಂತ. ಆಗಲೇ ನಾನು ಅವನ ಕಾಲು ನೋಡಿದ್ದು. ತೊಡೆ ಅರ್ಧಕ್ಕೆ ನಿಂತ ಚಡ್ಡಿ, ಬರಿ ಮೊಣಕಾಲು, ಚರ್ಮದ ಹಳೇ ಮೆಟ್ಟು. ಯಾವ ಬ್ಯಾಂಡಿನವನು ಹಾಗೆ ಹಾಕ್ಕೋತಾನೆ? ಇವರ ಪುಸ್ತಕದಲ್ಲಿ ಆ ಚಿತ್ರ ನಾನು ಎಷ್ಟು ಸಲ ನೋಡಿಲ್ಲ... ಕುಂಪಣಿ ಸಿಪಾಯಿ.

ಇವರು ಬಂದ ಕೂಡಲೇ ಹೇಳಿದೆ. ಬೇರೆ ಗಂಡಸಾಗಿದ್ರೆ ಹೆದರಿಕೊಳ್ತಿದ್ದ, ಇಲ್ಲಾ ಹೆಂಡ್ತಿಗೆ ತಲೆ ಕೆಟ್ಟಿದೆ ಅಂತಿದ್ದ. ನಮ್ಮನೆಯವರು ಏನಂದ್ರು ಗೊತ್ತಾ? "ಕೋಟಿನ ಕಾಲರು ಯಾವ ಬಣ್ಣ? ಹಳದಿನಾ ಹಸಿರಾ? ಕಾಲರು ನೋಡಿದ್ರೆ ಪಲಟನ್ನು ಗೊತ್ತಾಗುತ್ತೆ ಭೀಮಾ!" ಅಯ್ಯೋ ರಾಮಾ! ಮನೇಲಿ ದೆವ್ವ ಓಡಾಡ್ತಿದೆ ಅಂದ್ರೆ ಕಾಲರಿನ ಬಣ್ಣ ಕೇಳೋ ಮನುಷ್ಯನ್ನ ಕಟ್ಕೊಂಡು ನಾನು ಏಗಿದೀನಿ.

ಆದ್ರೆ ಅದರಿಂದಲೇ ಕೆಟ್ಟಿದ್ದು. ಇವರ ತಲೇಲಿ ಒಂದೇ ಕೂತುಬಿಡ್ತು, ಅವನು ತನ್ನ ಗುರುತು ಹುಡುಕ್ಕೊಂಡು ಬಂದಿದಾನೆ, ಕೊಳವೆ ಬಿಚ್ಚಿದ್ರೆ ಒಳಭಾಗದಲ್ಲಿ ಇನ್ನೊಂದು ನಂಬರು ಸಿಕ್ಕೇ ಸಿಗುತ್ತೆ ಅಂತ. ನಂಗೂ ಹಾಗೇ ಅನ್ನಿಸ್ತು. ನಾನು ಒರೆಸಿದ್ದು ವಾಪಸ್ ಸಿಗಲಿ ಅಂತ ನಾನೇ ತರಾತುರಿ ಮಾಡಿದೆ, "ಬೇಗ ಬಿಚ್ಚಿಸಿ, ಬೇಗ ಬಿಚ್ಚಿಸಿ" ಅಂತ. ಮರದಿಂದ ಕೊಳವೆ ಬೇರೆ ಮಾಡಿದ್ರು. ಕುದುರೆ ಬಿಚ್ಚಿಟ್ರು. ಕೊಳವೆ ಹಿಂಭಾಗದಲ್ಲಿ ಒಂದು ದಪ್ಪ ತಿರುಪು ಇರುತ್ತೆ, ಅದು ತುಕ್ಕು ಹಿಡಿದು ಅಲ್ಲಾಡಲೇ ಇಲ್ಲ. ಬೆಂಕಿಯಲ್ಲಿ ಕಾಯಿಸಿದ್ರೆ ಬಿಡುತ್ತೆ ಅಂತ ಯಾರೋ ಹೇಳಿದ್ರು. ದೀಪಾವಳಿ ಆಗಿ ಮೂರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ವೆಲ್ಡಿಂಗಿನ ತಿರುಮಲ ಬಂದ, ಬೆಂಕಿ ಉಗುಳೋ ದೀಪ ತಗೊಂಡು. ಹಿತ್ತಿಲಲ್ಲಿ, ಬಾವಿ ಪಕ್ಕ ಕೂತ್ರು. ತಿರುಮಲ ಹಿಂಭಾಗದಲ್ಲಿ ಬೆಂಕಿ ಹಿಡಿದ. ಇವರು ಎದುರಿಗೆ ಕೂತು, ಕೊಳವೆ ಅಲ್ಲಾಡಬಾರದು ಅಂತ ಅದರ ಬಾಯಿನ ತಮ್ಮ ಎದೆಗೆ ಒತ್ತಿ ಹಿಡ್ಕೊಂಡಿದ್ರು.

ನಾನು ಅಡುಗೆಮನೇಲಿ ಅವನ ಕಷಾಯ ಮಾಡ್ತಿದ್ದೆ. ಅವತ್ತು ಕೆಮ್ಮು ಬೆಳಗ್ಗೆಯಿಂದ ನಿಂತೇ ಇರಲಿಲ್ಲ. ಹಾಲಿನಲ್ಲಿ ಕೆಮ್ಮು, ಅಡುಗೆಮನೆ ಬಾಗಿಲಲ್ಲಿ ಕೆಮ್ಮು, ನನ್ನ ಬೆನ್ನ ಹಿಂದೆ ಕೆಮ್ಮು. "ಒಳಗೆ ಮದ್ದದೆ... ತಾಯಿ, ಒಳಗೆ ಮದ್ದದೆ!" ಅಳೋ ಧ್ವನಿ. ಮಾಡ್ತಾ ಇದೀನಲ್ಲಪ್ಪಾ ಅಂತ ನಾನು. ಇಗೋ ಇವಳು, ಆಗ ಒಂಬತ್ತು ವರ್ಷ, ಇಲ್ಲೇ ನೆಲದ ಮೇಲೆ ಕೂತು ಮಳೇಲಿ ನೆನೆದು ಸಿಡಿಯದೆ ಉಳಿದ ಪಟಾಕಿಗಳನ್ನ ಗುಡ್ಡೆ ಹಾಕ್ಕೊಂಡಿದ್ಲು. ಎಲ್ಲಾ ಮಕ್ಕಳೂ ಮಾಡ್ತಾರಲ್ಲ, ಒಡೆದು ಪುಡಿ ಪೇಪರ್ ಮೇಲೆ ಸುರಿಯೋದು. ಒಂದು ಪಟಾಕಿ ಎತ್ತಿ ಅಲ್ಲಾಡಿಸಿ ನನಗೆ ತೋರಿಸಿ ಅಂದ್ಲು:

"ಪಾಟೀ! ಇದುಕ್ಕುಳ್ಳೇ ಮರುಂದು ಇರುಕ್ಕು!"

ಇದರೊಳಗೆ ಮರುಂದು ಇದೆ. ಒಳಗೆ... ಮರುಂದು... ಇದೆ.

ಅರ್ಥ ಆಯ್ತಾ ನಿಮಗೆ? ತಮಿಳಲ್ಲಿ ಮರುಂದು ಅಂದ್ರೆ ಔಷಧೀನೂ ಹೌದು, ಪಟಾಕಿ ಪುಡೀನೂ ಹೌದು. ಕನ್ನಡದಲ್ಲಿ ಮದ್ದೂ ಹಾಗೇ ಅಲ್ವಾ? ಮದ್ದುಗುಂಡು ಅಂತ ಪೇಪರಲ್ಲಿ ಓದಲ್ವಾ? ಒಂದು ತಿಂಗಳಿಂದ ಅವನು ನನ್ನ ಹತ್ರ ಔಷಧಿ ಕೇಳ್ತಾ ಇರಲಿಲ್ಲ, ಪಾವನಾ. ಕೋವಿಯೊಳಗೆ ಮದ್ದಿದೆ, ಗುಂಡು ಜಡಿದ ಹಾಗೇ ಇದೆ ಅಂತ ಬಡ್ಕೋತಾ ಇದ್ದ. ನಾನು ಪೆದ್ದಿ, ಅವನಿಗೆ ಸಿರಪ್ಪು ಕುಡಿಸ್ತಾ ಇದ್ದೆ.

ಹೇಗೆ ಓಡಿದೆ ಅಂತ ಕೇಳಬೇಡ. ಒಲೆ ಮೇಲಿದ್ದ ಕಷಾಯದ ತಪ್ಪಲೆ ಬರಿಗೈಯಲ್ಲೇ ಎತ್ತಿಕೊಂಡು ಓಡಿದೆ, ಇಗೋ ಈ ಕಲೆ ಅದರದ್ದೇ. ತಿರುಮಲನ ಬೆಂಕಿ ಮೇಲೆ, ಕೊಳವೆ ಮೇಲೆ, ಅಷ್ಟನ್ನೂ ಸುರಿದುಬಿಟ್ಟೆ. ಬುಸ್ಸಂತ ಹೊಗೆ ಎದ್ದಿತು. ಇವರನ್ನ ಭುಜ ಹಿಡಿದು ಪಕ್ಕಕ್ಕೆ ತಳ್ಳಿದೆ, ಬಾವಿ ಕಟ್ಟೆಗೆ ಹೋಗಿ ಬಿದ್ರು. ಮೆಣಸಿನ ಘಾಟಿಗೆ ನಾವು ಮೂರೂ ಜನ ಕೆಮ್ಮಿದ್ದೇ ಕೆಮ್ಮಿದ್ದು. ನಾಲ್ಕನೇ ಕೆಮ್ಮು ಮಾತ್ರ ಆಗ ಕೇಳಲಿಲ್ಲ.

"ಕೋವಿ ಮೇಲೆ ಕಷಾಯ ಸುರೀತಾರೇನೇ ಯಾರಾದ್ರೂ!" ಅಂತ ಇವರು ಕೂಗಾಡಿದ್ರು. ನಾನು ಒಳಗೆ ಹೋದೆ. ನನ್ನ ಮಡಿಕೋಲು ತಂದೆ. ನಿಮಗೆ ಗೊತ್ತಿರಲ್ಲ, ಮಡಿ ಬಟ್ಟೆ ಯಾರೂ ಮುಟ್ಟಬಾರದು ಅಂತ ಎತ್ತರದಲ್ಲಿ ಒಣಹಾಕ್ತೀವಲ್ಲ, ಅದಕ್ಕೆ ಸಣ್ಣ ಬಿದಿರು ಕೋಲು. ಕೊಳವೆಯೊಳಗೆ ಇಳಿಬಿಟ್ಟೆ. ನಿಂತಿತು. ಬಾಯಿ ಹತ್ರ ಹೆಬ್ಬೆರಳು ಒತ್ತಿ ಹಿಡಿದು, ಹೊರಗೆ ತೆಗೆದು, ಕೊಳವೆ ಪಕ್ಕ ಮಲಗಿಸಿದೆ. ಬೆಂಕಿ ಹೋಗೋ ಆ ಸಣ್ಣ ತೂತಿನವರೆಗೆ ಬರಬೇಕು ಕೋಲು. ನಾಲ್ಕು ಬೆರಳು ಕಡಿಮೆ ಬಿತ್ತು. ನಾಲ್ಕು ಬೆರಳು ಪ್ರತಾಪ್, ಇಷ್ಟು. ಇವರ ಮುಖ ನೋಡಬೇಕಿತ್ತು ನೀನು. ತಿರುಮಲ ದೀಪ ಅಲ್ಲೇ ಬಿಟ್ಟು ಬೀದಿಗೆ ಹೋಗಿ ಕೂತ, ಕಾಫಿ ಕೊಟ್ಟು ಕರೆದ್ರೂ ಒಳಗೆ ಬರಲಿಲ್ಲ.

ಮೌಂಟ್ ರೋಡಿನ ಕೋವಿ ಅಂಗಡೀಲಿ ಕೆಲಸ ಮಾಡಿ ಪಳಗಿದ ವೆಂಕಟೇಶ ಅಂತ ಒಬ್ಬರನ್ನ ಕರೆಸಿದ್ವಿ. ಅವರು ಎರಡು ದಿನ ತಣ್ಣಗಾಗಲು ಬಿಟ್ಟು, ತಿರುಪಿನ ಮೊಳೆ ಇಳಿಸಿ, ನಿಧಾನವಾಗಿ ಎಳೆದ್ರು. ಮೊದಲು ಕಾಗದದ ಚೂರು, ಆಮೇಲೆ ನೆಲ್ಲಿಕಾಯಷ್ಟು ಸೀಸದ ಗುಂಡು, ಆಮೇಲೆ ಮದ್ದು. ಕಾಫಿ ಪುಡಿ ಹಾಗೆ ಒಣಗಿತ್ತು. ಒಂದು ಚಿಟಿಕೆ ಇಟ್ಟಿಗೆ ಮೇಲಿಟ್ಟು, ದೂರದಿಂದ ಕಡ್ಡಿ ಸೋಕಿಸಿದ್ರು. ಭಗ್ಗಂತು! ಇನ್ನೂರು ವರ್ಷ ಆದ್ರೂ ಮದ್ದಿಗೆ ವಯಸ್ಸಾಗಲ್ಲಮ್ಮಾ ಅಂದ್ರು. ಅವರೇ ಹೇಳಿದ್ದು, ಪಹರೆ ನಿಂತ ಸಿಪಾಯಿ ಪಹರೆ ಬದಲಾದಾಗ ಕೋವಿ ಖಾಲಿ ಮಾಡಿ ಇಡಬೇಕಂತೆ. ಇವನು ಪಹರೇಲೇ ಕೆಮ್ಮಿ ಕೆಮ್ಮಿ ಬಿದ್ದಿರಬೇಕು. ಯಾರೋ ಕೋವಿ ಎತ್ತಿ ಹಾಗೇ ಉಗ್ರಾಣಕ್ಕೆ ಹಾಕಿರಬೇಕು. ಬೇರೆ ಯಾರಿಗೂ ನೆನಪಿರಲಿಲ್ಲ, ಅವನಿಗೆ ನೆನಪಿತ್ತು. ಯಾರಾದ್ರೂ ಸತ್ತುಬಿಟ್ಟಾರು ಅನ್ನೋ ಒಂದು ಭಯ ಹಿಡ್ಕೊಂಡು ಅಷ್ಟು ವರ್ಷ ಅದರ ಹಿಂದೆ ಹಿಂದೆ ಸುತ್ತಿದಾನಲ್ಲಾ, ಪುಣ್ಯಾತ್ಮ! ದೆವ್ವ ಅಂದ್ರೆ ಕಾಟ ಕೊಡೋದೇ ಅಂತ ಯಾರು ಹೇಳಿದ್ದು ನಿಮಗೆ?

ಆ ಸಂಜೆ ಜಗಲಿಗೆ ಹೋಗಿ ಕೈಮುಗಿದು ಹೇಳಿದೆ, "ನಿನ್ನ ಪಹರೆ ಮುಗೀತಪ್ಪಾ, ಇನ್ನು ಹೋಗಿ ಮಲ್ಕೋ" ಅಂತ. ಹೋದ ಅಂತಲೇ ಅಂದುಕೊಂಡೆ. ಎರಡು ವರ್ಷ ಸದ್ದಿಲ್ಲ. ಆಮೇಲೆ ಇವರ ಸ್ನೇಹಿತರೊಬ್ಬರು ಒಂದು ಕೋವಿ ತೋರಿಸೋಕೆ ತಂದ್ರು ನೋಡು, ಅವರು ಮೆಟ್ಟಿಲು ಹತ್ತೋ ಮೊದಲೇ ಜಗಲೀಲಿ ಕೆಮ್ಮು! ಮಡಿಕೋಲು ಹಾಕಿ ನೋಡಿದ್ವಿ. ನಾಲ್ಕು ಬೆರಳು. ಇನ್ನೊಂದು ಸಲವೂ ಹಾಗೇ ಆಯ್ತು. ಖಾಲಿ ಕೋವಿ ಬಂದ್ರೆ ತುಟಿ ಬಿಚ್ಚಲ್ಲ ಅವನು.

ಇವರು ಎರಡು ಸಾವಿರದ ಮೂರರಲ್ಲಿ ಹೋದ್ರು. ನಿದ್ದೇಲಿ, ನೆಮ್ಮದಿಯಾಗಿ, ಎದೆ ಮೇಲೆ ಭೂತಗನ್ನಡಿ ಇಟ್ಕೊಂಡು. ಆ ಕೊನೇ ನಾಲ್ಕು ವರ್ಷ ಇದೆಯಲ್ಲ, ನನ್ನ ಸಂಸಾರದಲ್ಲಿ ಅಷ್ಟು ಚೆನ್ನಾಗಿದ್ದ ವರ್ಷ ಬೇರೆ ಇಲ್ಲ. ದಿನಾ ಸಂಜೆ ಇಬ್ಬರೂ ಜಗಲೀಲಿ ಕೂತು ಹರಟೆ ಹೊಡೀತಿದ್ವಿ, ಹೃದಯದ ಮಾತು ಕೂಡ ಆಡಿದ್ರು ಕಣೇ ಕೊನೆಗೆ! ಅದು ಅವನು ನಂಗೆ ಕೊಟ್ಟಿದ್ದು. ಅವನ ವಿಳಾಸ ಒರೆಸಿದವಳಿಗೆ ಕೊಟ್ಟ. ಒಂಬತ್ತು ಕೋವಿ ಮ್ಯೂಸಿಯಮ್ಮಿಗೆ ಕೊಟ್ಟೆ. ಅವನದ್ದು ಕೊಡಲಿಲ್ಲ, ದೇವರ ಮನೆ ಬಾಗಿಲ ಹಿಂದಿದೆ. ಇನ್ನು ಅವನ ವಿಳಾಸ ಇದೇ ಮನೆ.

ಭೀಮಾಬಾಯಿ ಚಾಚಿದ್ದ ಕಾಲು ಮಡಿಚಿಕೊಂಡರು. ಲೋಟದ ತಳದ ಕಷಾಯ ಕುಡಿದು ಮುಗಿಸಿದರು. ಹೊರಗೆ ಮತ್ತೆ ಕೆಮ್ಮು ಕೇಳಿಸಿತು. ಕತೆ ನಡೆಯುವಾಗಲೂ ಎರಡು ಮೂರು ಸಲ ಕೇಳಿಸಿತ್ತು, ನಾನು ಗಮನ ಕೊಟ್ಟಿರಲಿಲ್ಲ.

"ಗಂಗಾಧರ ಮಾಮಾನ ಒಳಗೇ ಕರೀರಿ ಅಜ್ಜಿ, ಹೊರಗೆ ಇರಚಲು ಹೊಡೀತದೆ," ಅಂದ ಪ್ರತಾಪ್.

ಶ್ರೀಪ್ರಿಯಾ ಅವನ ಮುಖ ನೋಡಿದಳು. "ಗಂಗಾಧರ ಮಾಮಾವಾ? ಅವರ್ ಮಾಧವರಂ ಪೋಯಿ ಮೂಣು ನಾಳ್ ಆಚ್ಚೇ ಅಂಕಲ್."

ಮೂರು ದಿನವಾಗಿತ್ತು ಅವರು ಮಾಧವರಕ್ಕೆ ಹೋಗಿ. ಅಲ್ಲೂ ನೀರು ನಿಂತು ಬಸ್ಸಿಲ್ಲವೆಂದು ಬೆಳಗ್ಗೆ ಕೆಳಗಿನ ಮನೆಗೆ ಫೋನು ಮಾಡಿದ್ದರಂತೆ. ನಾನು ಲೋಟ ಕೆಳಗಿಟ್ಟು ಬಾಗಿಲ ಕಡೆ ನೋಡಿದೆ.

"ನಿನ್ನೆ ಸಂಜೆ ನೀನು ಅದನ್ನ ಗೇಟಿನೊಳಗೆ ತಂದಾಗ ಶುರುವಾಯ್ತು," ಅಂದರು ಭೀಮಾಬಾಯಿ. "ರಾತ್ರಿಯೆಲ್ಲಾ ನಿಮ್ಮ ಮೆಟ್ಟಿಲ ಮೇಲೇ ಕೂತಿದ್ದ. ನಿಮಗೆ ಎಲ್ಲಿ ಕೇಳುತ್ತೆ, ಟಿವಿ ಹಾಕ್ಕೊಂಡು ಕೂತೋರಿಗೆ." ಅವರು ಎದ್ದು ಒಳಗೆ ಹೋಗಿ, ನಾನು ದೂರದಿಂದ ಮಾತ್ರ ನೋಡಿದ್ದ, ನನ್ನ ಸೆರಗು ತಾಕಿದರೂ ಅವರು ರೇಗುತ್ತಿದ್ದ ಆ ಬಿದಿರು ಕೋಲು ತಂದು ಪ್ರತಾಪನ ಮುಂದೆ ಹಿಡಿದರು. "ತಗೋ. ಮುಟ್ಟು, ಪರವಾಗಿಲ್ಲ, ಆಮೇಲೆ ತೊಳ್ಕೋತೀನಿ. ಪಕ್ಕದಲ್ಲಿ ಕೂತ್ಕೊಂಡು ಹಾಕು, ಮುಂದೆ ಹೋಗಬೇಡ."

ಪ್ರತಾಪ್ ಪಕ್ಕದಲ್ಲಿ ಮಂಡಿಯೂರಿ ಕೋಲನ್ನು ಕೋವಿಯ ಬಾಯಿಯೊಳಗೆ ಬಿಟ್ಟ. ಅದು ಸರಾಗವಾಗಿ ಹೋಗಿ ಒಂದು ಕಡೆ ನಿಂತಿತು. ಹೆಬ್ಬೆರಳು ಒತ್ತಿ ಹಿಡಿದು ಹೊರಗೆಳೆದು ಕೊಳವೆಯ ಪಕ್ಕ ಮಲಗಿಸಿದ. ನಾನೂ ಬಗ್ಗಿ ನೋಡಿದೆ. ಅವನು ತನ್ನ ಇನ್ನೊಂದು ಕೈಯ ಬೆರಳುಗಳನ್ನು ಜೋಡಿಸಿ ಕೋಲಿನ ತುದಿಗೂ ಸಣ್ಣ ತೂತಿಗೂ ನಡುವೆ ಇಟ್ಟ. ನಾಲ್ಕೂ ಬೆರಳು ಸರಿಯಾಗಿ ಹಿಡಿಸಿದವು. ಆ ಸಂಜೆ ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಹಿಡಿದು ನಿಲ್ಲುತ್ತಿದ್ದವನು ಅವನೇ. ನಾನು ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ನನಗೆ ಅಳು ಬಂತು.

"ವೆಂಕಟೇಶನ ನಂಬರು ಡೈರೀಲಿದೆ, ನೀರು ಇಳಿದ ಮೇಲೆ ಕರೆಸೋಣ," ಅಂದರು ಭೀಮಾಬಾಯಿ. "ಮೊದಲು ಅವನಿಗೆ ಹೇಳು. ಪಾಪ, ಕಾಯ್ತಿದಾನೆ. ನಿಮ್ಮ ಮಾತಲ್ಲೇ ಹೇಳು, ಯಾವ ಕಾಲ ಆಯ್ತೋ ಅವನು ಊರಿನ ಮಾತು ಕೇಳಿ."

ಪ್ರತಾಪ್ ತೆರೆದ ಬಾಗಿಲ ಕಡೆ ತಿರುಗಿದ.

"ಮದ್ದದೆ ಕಣಣ್ಣೋ," ಅಂದ. "ಗೊತ್ತಾಯ್ತು. ಕೇಳುಸ್ತು."

ಕೆಮ್ಮು ನಿಂತಿತು. ಬೀದಿಯ ನೀರಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ ಉಳಿಯಿತು. ಭೀಮಾಬಾಯಿ ತಪ್ಪಲೆಯನ್ನು ನನ್ನ ಕಡೆ ಸರಿಸಿದರು.

"ಪಾವನಾ, ಹೋಗಿ ಆ ಜಗಲಿ ಮೇಲಿನ ಲೋಟಕ್ಕೆ ಇನ್ನೊಂದಿಷ್ಟು ಬಗ್ಗಿಸಿ ಬಾ. ಖಾಲಿಯಾಗಿರುತ್ತೆ."

ಹೋದೆ. ಖಾಲಿಯಾಗಿತ್ತು.